ಕಿವಿಯ ಹರಳು, ಕಟ್ಟೆಯ ಬೆಳ್ಳುಳ್ಳಿ

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದೇ ತಡ, ಫ್ಯಾನು ನಿಂತಿದ್ದು ಮನೆಯೇ ತಿರುಗುವ ಭಾಗ್ಯ ನಿಮಗೂ ಒದಗಿರಬಹುದು. ನನಗೆ ಒದಗಿದಾಗ ಅಮ್ಮ ‘ಪಿತ್ತ’ ಎಂದಳು, ಹೆಂಡತಿ ‘ಮೊಬೈಲು’ ಎಂದಳು, ಮಗಳು ‘ವಯಸ್ಸು’ ಎಂದಳು. ಸಿಟ್ಟು ಬಂದದ್ದು ಮೂರನೆಯದಕ್ಕೆ ಮಾತ್ರ.

ಕಿವಿ ಡಾಕ್ಟರು ನನ್ನನ್ನು ದಿಢೀರನೆ ಮಲಗಿಸಿ, ತಲೆ ಇಳಿಬಿಟ್ಟು, ಕಣ್ಣುಗುಡ್ಡೆ ಕುಣಿಯುವುದನ್ನು ನೋಡಿ ಖುಷಿಪಟ್ಟರು. ಒಳಗಿವಿಯಲ್ಲಿ ಸುಣ್ಣದ ಪುಟ್ಟ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಪಕ್ಕದ ಅರೆವೃತ್ತ ನಾಳಕ್ಕೆ ನುಗ್ಗಿದರೆ, ತಲೆ ತುಸು ಅಲುಗಿದರೂ ‘ಗಿರಗಿರನೆ ತಿರುಗುತ್ತಿದ್ದೀಯ’ ಎಂದು ಮಿದುಳಿಗೆ ಚಾಡಿ ಹೋಗುತ್ತದೆ. ಬಿಪಿಪಿವಿ ಎನ್ನುತ್ತಾರೆ.

“ತಲೆಯೊಳಗೆ ಕಲ್ಲಿದೆ ಅಂತ ನಂಗೆ ಮದುವೆಯಾದಾಗಿಂದ ಅನುಮಾನ ಇತ್ತು ಡಾಕ್ಟ್ರೇ,” ಎಂದಳು ಹೆಂಡತಿ.

ಅಮೆರಿಕದ ಡಾ. ಜಾನ್ ಎಪ್ಲಿ ಕಂಡುಹಿಡಿದ ಪಟ್ಟೊಂದನ್ನು ನನ್ನ ಕತ್ತಿನ ಮೇಲೆ ಹಾಕಿ, ಮನೆಗೆ ಬ್ರಾಂಟ್-ಡಾರಾಫ್ ವ್ಯಾಯಾಮ ಬರೆದುಕೊಟ್ಟರು. ಮಂಚದಂಚಿನಲ್ಲಿ ಕೂತು, ಮುಖವನ್ನು ಒಂದು ಕಡೆಗೆ 45 ಡಿಗ್ರಿ ತಿರುಗಿಸಿ, ಎದುರು ಮಗ್ಗುಲಿಗೆ ಒರಗಬೇಕು. 30 ಸೆಕೆಂಡು ಇದ್ದು ಏಳಬೇಕು, 30 ಸೆಕೆಂಡು ಕೂರಬೇಕು, ಆಮೇಲೆ ಇನ್ನೊಂದು ಮಗ್ಗುಲು. ಹೀಗೆ 5 ಸುತ್ತು, ದಿನಕ್ಕೆ 3 ಹೊತ್ತು.

ಗಡಿಯಾರ ನೋಡೋಣವೆಂದರೆ ಅದು ಗೋಡೆಸಮೇತ ಓಡುತ್ತಿತ್ತು. ಎಣಿಕೆಯ ಉಸ್ತುವಾರಿ ಹೆಂಡತಿಗೆ ಹೋಯಿತು. “ಹದಿನೇಳು, ಹದಿನೆಂಟು… ಹಲೋ, ಹೇಳೇ! ಹೌದಾ? ಹುಡುಗ ಏನ್ ಮಾಡ್ತಿದಾನಂತೆ?” ಹುಡುಗನ ಸಂಬಳ, ಸ್ವಂತ ಮನೆ, ನಾದಿನಿಯರ ಸಂಖ್ಯೆ ಎಲ್ಲ ಇತ್ಯರ್ಥವಾಗುವವರೆಗೂ ನಾನು ಒರಗಿಯೇ ಇದ್ದೆ. “ರೀ, ಎಷ್ಟರಲ್ಲಿದ್ವಿ? ಹೋಗ್ಲಿ, ಒಂದರಿಂದ ಎಣಿಸ್ತೀನಿ.”

ತಿರುಗುವುದು ತಗ್ಗಿದ ಮೇಲೆ ಸಮತೋಲನದ ಪಾಠ. ಒಂಟಿಕಾಲಲ್ಲಿ ನಿಲ್ಲಿ, ಪಕ್ಕದಲ್ಲಿ ಆಧಾರವಿರಲಿ ಎಂದರು ಫಿಸಿಯೋ. ನಿಂತುಕೊಂಡೇ ಪ್ಯಾಂಟು ಹಾಕುವ ಗಂಡಸು ಎಂದು ಷಡ್ಕನ ಮುಂದೆ ಕೊಚ್ಚಿಕೊಂಡವನು ನಾನು. ನನಗೆ ಯಾವ ಆಧಾರ? ಕಣ್ಣನ್ನೂ ಮುಚ್ಚಿದೆ. ಒಳಗಿವಿ, ಕಣ್ಣು, ಪಾದ ಮೂರೂ ಸೇರಿ ನಮ್ಮನ್ನು ನಿಲ್ಲಿಸಿರುತ್ತವೆ ಎಂಬುದು ಬಟ್ಟೆಸ್ಟ್ಯಾಂಡನ್ನು ತಬ್ಬಿಕೊಂಡು ಉರುಳುವಾಗ ಮನವರಿಕೆಯಾಯಿತು. ಓಡಿಬಂದ ಅಮ್ಮ ಚೀರಿದಳು: “ಅಯ್ಯೋ, ಮಡಿಸೀರೆ ಮುಟ್ಟಿಬಿಟ್ಟೆಯೇನೋ!”

ಹಿಮ್ಮಡಿಗೆ ಬೆರಳು ತಾಗಿಸಿ ಹಾಲ್‌ನ ಟೈಲ್ಸ್ ಗೆರೆಯ ಮೇಲೆ ನಡೆಯುವುದು ಇನ್ನೊಂದು. ಕಿಟಕಿಯಿಂದ ಇದನ್ನು ಕಂಡ ಎದುರುಮನೆಯಾಕೆ ಸಂಜೆ ಹೆಂಡತಿಯನ್ನು ಪಕ್ಕಕ್ಕೆ ಕರೆದು, “ಸಂಕೋಚ ಬೇಡ ಕಣ್ರೀ, ನಮ್ಮ ಭಾವನಿಗೂ ಈ ಚಟ ಇತ್ತು, ಬಿಡಿಸಿದ್ವಿ,” ಎಂದು ಕೈ ಅದುಮಿದರಂತೆ. ಹೆಂಡತಿ ಬಿಡಿಸಿ ಹೇಳಲಿಲ್ಲ. “ಪಾಪ, ಅಷ್ಟು ಪ್ರೀತಿಯಿಂದ ಹೇಳಿದರಲ್ಲ!”

ಕೊನೆಗೆ ಅಡುಗೆಮನೆ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಂತೆ. “ಹೇಗೂ ಸುಮ್ನೆ ನಿಂತಿದೀರಲ್ಲ,” ಎಂದು ಬೆಳ್ಳುಳ್ಳಿ ಬುಟ್ಟಿ ಮುಂದೆ ಬಂತು. ಎಡಗಾಲಿಗೆ ಬೆಳ್ಳುಳ್ಳಿ, ಬಲಗಾಲಿಗೆ ಅವರೆಕಾಳು. ತಲೆಸುತ್ತು ಹೋಯಿತು, ಬುಟ್ಟಿ ಹೋಗಲಿಲ್ಲ.

ತಲೆ ತಿರುಗುವಾಗ ಮಾತು ತೊದಲಿದರೆ, ಕೈಕಾಲು ಸೋತರೆ ಈ ಸರ್ಕಸ್ಸು ಬಿಟ್ಟು ಸೀದಾ ಆಸ್ಪತ್ರೆಗೆ ಓಡಿ. ಬರೀ ಹರಳಿನ ಕಾಟವೆಂದು ಡಾಕ್ಟರು ಹೇಳಿದರೆ ಧಾರಾಳವಾಗಿ ವ್ಯಾಯಾಮ ಮಾಡಿ. ಆದರೆ ದಯವಿಟ್ಟು ಹಾಲ್‌ನ ಗೋಡೆ ಹಿಡಿದು ನಿಲ್ಲಿ. ಅಡುಗೆಮನೆ ಕಡೆ ತಲೆಹಾಕಬೇಡಿ.