ಚಾಪ್ಟರ್ ಅಣ್ಣ

ಭಾನುವಾರ ರಾತ್ರಿ ಎಂಟೂವರೆಗೆ ಚಾಪ್ಟರ್ ಅಣ್ಣನನ್ನು ಯಾರೂ ಮಾತಾಡಿಸಬಾರದು. ಅವ್ವ ರೊಟ್ಟಿ ಬಡಿದಿಟ್ಟು ಕರೆಯುತ್ತಾಳೆ; ‘ಬಂದೆ’ ಅನ್ನುತ್ತಾನೆ, ಬರುವುದಿಲ್ಲ. ಪುಂಡಿಪಲ್ಯ ಆರಿ ತಣ್ಣಗಾಗುತ್ತದೆ. ಜಪಾನಿನಲ್ಲಿ ನಡುರಾತ್ರಿ ಹನ್ನೆರಡಾದಾಗ ನಮ್ಮ ಯಾದಗಿರಿಯಲ್ಲಿ ಎಂಟೂವರೆ. ಅಲ್ಲಿನ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯ ಮಂಗಾ ಕಥೆಗಳು, ಅಂದರೆ ಜಪಾನೀ ಚಿತ್ರಕಥೆಗಳು, ಇಂಗ್ಲಿಷಿನಲ್ಲಿ ಮೊಬೈಲಿಗೆ ಇಳಿಯುವುದು ಆ ಗಳಿಗೆಗೇ. ಇಪ್ಪತ್ತು ಪುಟದ ಅಧ್ಯಾಯ ಓದಲು ಅವನಿಗೆ ನಾಲ್ಕು ನಿಮಿಷ ಸಾಕು. ಅದರ ಬಗ್ಗೆ ಮಾತಾಡಿ ಮುಗಿಸಲು ಮುಂದಿನ ಭಾನುವಾರದವರೆಗೆ ಸಮಯ ಕೊಟ್ಟರೂ ಸಾಲದು.

ಇವನು ಒಬ್ಬನಲ್ಲ. ಯಾದಗಿರಿ ಸ್ಟೇಷನ್ನಿನ ಹೊರಗಿನ ಚಹಾದಂಗಡಿಯಲ್ಲಿ ಒಬ್ಬ ಇದ್ದಾನೆ, ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ, ಸುರಪುರದ ಗುಡ್ಡದ ಮೇಲೆ ಒಬ್ಬ. ಮನೆಯಲ್ಲಿಟ್ಟ ಹೆಸರು ಏನಾದರೂ ಇರಲಿ, ಓಣಿಯ ಸಣ್ಣ ಹುಡುಗರಿಗೆ ಮೂವರೂ ಚಾಪ್ಟರ್ ಅಣ್ಣ. ವಯಸ್ಸು ಇಪ್ಪತ್ತರ ಆಚೀಚೆ. ಏನು ಮಾಡುತ್ತಾನೆ ಎಂದು ಕೇಳಿದರೆ ‘ಪಿಎಸ್‌ಐ ತಯಾರಿ ನಡದದ’ ಎಂಬ ಉತ್ತರ ಸಿಗುತ್ತದೆ. ನಡೆದಿರುವುದು ನಿಜ, ಯಾವ ಕಡೆಗೆ ಎಂಬುದಷ್ಟೇ ಪ್ರಶ್ನೆ.

ಅವನಿಗೆ ಪ್ರಮಾಣಗ್ರಂಥ ಒಂದೇ, ‘ಜುಜುತ್ಸು ಕೈಸೆನ್’. ಗೆಗೆ ಅಕುತಾಮಿ 2018ರ ಮಾರ್ಚ್‌ನಲ್ಲಿ ಶುರುಮಾಡಿ 2024ರ ಸೆಪ್ಟೆಂಬರ್‌ನಲ್ಲಿ ಮುಗಿಸಿದ 271 ಅಧ್ಯಾಯಗಳ ಮಂಗಾ. ಕಥೆ ಏನೆಂದು ಮನೆಯ ಮುತ್ಯಾ, ಅಂದರೆ ಅಜ್ಜ, ಒಮ್ಮೆ ಕೇಳಿದ. ಕೇಳಬಾರದಿತ್ತು.

‘ಸೆಂಡೈ ಅಂತ ಒಂದು ಊರು, ಮುತ್ಯಾ. ಅಲ್ಲೊಂದು ಸಾಲ್ಯಾಗ ರಾಕ್ಷಸನ ಬೆರಳು ಇಟ್ಟಿರ್ತಾರ. ಯುಜಿ ಅಂತ ಹುಡುಗ ಅದನ್ನ ನುಂಗಿಬಿಡ್ತಾನ.’

‘ಯಾಕ? ಮನ್ಯಾಗ ರೊಟ್ಟಿ ಇದ್ದಿದ್ದಿಲ್ಲೇನು?’

‘ದೆವ್ವ ಹೊಡಿಲಾಕ ಶಕ್ತಿ ಬೇಕಾಗಿರ್ತದ. ನುಂಗಿದ ಕೂಡ್ಲೆ ಸುಕುನಾ ಅಂತ ಸಾವಿರ ವರ್ಷದ ರಾಕ್ಷಸ ಮೈಯಾಗ ಬರ್ತಾನ. ಅವಂದು ಒಟ್ಟು ಇಪ್ಪತ್ತು ಬೆರಳು. ಎಲ್ಲಾ ಹುಡಿಕಿ ಇವನಿಗೇ ನುಂಗಿಸಿ, ಆಮ್ಯಾಲ ಕೊಲ್ಲಬೇಕಂತ ಟೋಕಿಯೋದ ಮಂತ್ರವಾದಿ ಸಾಲಿಗೆ ಸೇರಿಸ್ತಾರ.’

ಮೈಲಾಪುರದ ಸಂಕ್ರಾಂತಿ ಜಾತ್ರೆಯಲ್ಲಿ ಕಬ್ಬಿಣದ ಸರಪಳಿ ಹರಿಯುವುದನ್ನು ಕಣ್ಣಾರೆ ಕಂಡು ಬಂದ ಮುದುಕನಿಗೆ ಮೈಯಲ್ಲಿ ಬರುವುದೇನೂ ಹೊಸದಲ್ಲ. ಅವನು ತಲೆ ಕೆಡಿಸಿಕೊಂಡದ್ದು ಬೇರೆ ವಿಷಯಕ್ಕೆ. ‘ಕೊಲ್ಲೋದೇ ಖರೇ ಅಂದ್ರ ಸಾಲಿಗೆ ಯಾಕ ಹಾಕ್ಬೇಕು? ಫೀ ದಂಡ ಅಲ್ಲೇನು?’

ಈ ಮಂಗಾದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆಗಳೆಲ್ಲ ಅದನ್ನು ಓದದವರಿಂದಲೇ ಬಂದಿವೆ. ಅದೇ ಓಣಿಯ ನಿವೃತ್ತ ಗಣಿತದ ಮಾಸ್ತರರು ಶಾಲೆಯ ಭಾಗವನ್ನಷ್ಟೇ ಕಿವಿಗೊಟ್ಟು ಕೇಳಿದರು. ಹೆಚ್ಚು ಜನರ ನೆನಪು, ಭಯ, ಹೊಟ್ಟೆಕಿಚ್ಚು ಒಂದೇ ಕಡೆ ಕೂಡುವುದರಿಂದ ಶಾಲೆ ಮತ್ತು ಆಸ್ಪತ್ರೆಗಳಲ್ಲಿ ಶಾಪ ಹುಟ್ಟುತ್ತದೆ ಎನ್ನುವುದು ಈ ಕಥೆಯ ಕಟ್ಟಳೆ. ಸಣ್ಣಪುಟ್ಟ ಪೀಡೆಗಳು ಹತ್ತಿರ ಸುಳಿಯದಿರಲಿ ಎಂದೇ ಶಾಲೆಯಲ್ಲಿ ಆ ದೊಡ್ಡ ಪೀಡೆಯ ಬೆರಳನ್ನು ಇಟ್ಟಿರುತ್ತಾರೆ. ಮಾಸ್ತರರು ತಲೆದೂಗಿದರು. ‘ಬರೋಬರಿ ಅದ. ನಮ್ಮ ಸಾಲ್ಯಾಗ ಆ ಕೆಲಸಕ್ಕ ನನ್ನ ಇಟ್ಟಿದ್ರು.’

ಮುಂದೆ ಅವರಿಗೆ ತಡೆಯಲಾಗಲಿಲ್ಲ. ಟೋಕಿಯೋದ ಆ ಶಾಲೆಯಲ್ಲಿ ಮೊದಲ ವರ್ಷಕ್ಕೆ ಮೂವರೇ ವಿದ್ಯಾರ್ಥಿಗಳು ಎಂದು ಕೇಳಿ ಕುರ್ಚಿಯ ತುದಿಗೆ ಬಂದರು. ‘ಮೂರೇ ಮಂದಿ? ನಮ್ಮಲ್ಲಿ ಆಗಿದ್ರ ಇಷ್ಟೊತ್ತಿಗೆ ಪಕ್ಕದೂರ ಸಾಲ್ಯಾಗ ವಿಲೀನ ಮಾಡ್ತಿದ್ರು.’ ಎರಡನೇ ವರ್ಷದಲ್ಲಿ ಒಂದು ಪಾಂಡಾ ಓದುತ್ತದೆ, ಮಂತ್ರದಿಂದ ಜೀವ ಬಂದ ಗೊಂಬೆ, ಮಾತಾಡುವುದು. ಅದರ ಆಧಾರ್ ಕಾರ್ಡಿನ ಬಗ್ಗೆ ವಿಚಾರಿಸಿದರು. ಇನ್ನೊಬ್ಬ ಹುಡುಗನ ಮಾತಿಗೆ ಶಾಪದ ಬಲವಿದೆ. ಆಡಿದ್ದು ಯಾರಿಗಾದರೂ ತಟ್ಟೀತೆಂದು ಅನ್ನದುಂಡೆಯೊಳಗೆ ತುಂಬುವ ಪದಾರ್ಥಗಳ ಹೆಸರನ್ನಷ್ಟೇ ಹೇಳುತ್ತಾನೆ. ಮಾಸ್ತರರು ಇದನ್ನು ಮಾತ್ರ ತಕ್ಷಣ ಒಪ್ಪಿಕೊಂಡರು. ತಮ್ಮ ಕ್ಲಾಸಿನಲ್ಲಿಯೂ ಹನ್ನೆರಡರ ನಂತರ ಹುಡುಗರ ಬಾಯಲ್ಲಿ ಬಿಸಿಯೂಟದ ಹೊರತು ಬೇರೆ ಮಾತು ಇರುತ್ತಿರಲಿಲ್ಲವಂತೆ.

ಚಾಪ್ಟರ್ ಅಣ್ಣನಿಗೆ ಇವೆಲ್ಲ ಅಜ್ಞಾನಿಗಳ ಮಾತು. ಅವನ ಅಭಿಪ್ರಾಯಗಳು ಘನವಾದವು, ಪವರ್ ಸಿಸ್ಟಮ್ಮು, ಡೊಮೇನ್ ಎಕ್ಸ್‌ಪ್ಯಾನ್ಶನ್ನು ಎಂದೇ ಆರಂಭವಾಗುತ್ತವೆ. ಒಂದು ಪ್ಲೇಟು ಸೂಸಲಾ, ಎರಡು ಮಿರ್ಚಿ ಮುಗಿಯುವಷ್ಟರಲ್ಲಿ ಲೇಖಕನಿಗೆ ಕಥೆ ಹೆಣೆಯಲು ಬರುವುದಿಲ್ಲ ಎಂಬ ತೀರ್ಪು ಹೊರಬೀಳುತ್ತದೆ. ದುಡ್ಡು ಸಾಮಾನ್ಯವಾಗಿ ಕೇಳಿಸಿಕೊಂಡವನು ಕೊಡುತ್ತಾನೆ.

ಇವನ ವಾರದ ಪಂಚಾಂಗದಲ್ಲಿ ಭಾನುವಾರಕ್ಕಿಂತ ದೊಡ್ಡ ದಿನ ಬುಧವಾರ. ಪತ್ರಿಕೆ ಅಂಗಡಿಗೆ ಬರುವ ಮೊದಲೇ ಜಪಾನಿನಲ್ಲಿ ಯಾರೋ ಪುಣ್ಯಾತ್ಮರು ಕದ್ದು ಹೊರಬಿಡುವ ಪುಟಗಳು, ಅಂದರೆ ಲೀಕು, ಆಗ ಬರುತ್ತವೆ. ಯಾದಗಿರಿಯವನು ಅದನ್ನು ಓದಿ ಸುಮ್ಮನಿರುವ ಪೈಕಿಯಲ್ಲ. ‘ನಾ ಏನೂ ಹೇಳಂಗಿಲ್ಲ, ಆದ್ರ ಈ ವಾರ ಒಬ್ಬಾಂವ ಹೋಗ್ತಾನ’ ಎಂದು ಸ್ಟೇಟಸ್ ಹಾಕುತ್ತಾನೆ. ಸುರಪುರ ಸೀಮೆಯ ಕೊಡೇಕಲ್ ಬಸವಣ್ಣನ ಕಾಲಜ್ಞಾನ ಕೇಳಿ ಬೆಳೆದ ನೆಲ ನಮ್ಮದು, ಮುಂದಾಗುವುದನ್ನು ಮೊದಲೇ ಹೇಳಿದವನಿಗೆ ಇಲ್ಲಿ ಕೈಮುಗಿಯುತ್ತಾರೆ. ಇವನಿಗೆ ಮಾತ್ರ ಬೈಗುಳ.

ಲೀಕು ಓದುವುದು ಪಾಪವೋ ಅಲ್ಲವೋ ಎಂಬ ಚರ್ಚೆಯಲ್ಲಿ ಸುರಪುರದವನ ವಾದಕ್ಕೆ ಮಾತ್ರ ನಾನು ತಲೆಬಾಗಿದೆ. ಊರಿನ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನ ಮನೆಗೆ ಕಾಣುತ್ತದೆ. 1840ರ ದಶಕದಲ್ಲಿ ಸುರಪುರಕ್ಕೆ ಬ್ರಿಟಿಷ್ ಅಧಿಕಾರಿಯಾಗಿ ಬಂದ ಫಿಲಿಪ್ ಮೆಡೋಸ್ ಟೇಲರ್, ಅದಕ್ಕೂ ಮೊದಲೇ 1839ರಲ್ಲಿ ಠಗ್ಗರ ಮೇಲಿನ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾದವನು. ಪುಸ್ತಕ ಅಚ್ಚಾಗಿ ಬರುವವರೆಗೆ ಕಾಯುವ ತಾಳ್ಮೆಯಿಲ್ಲದೆ ವಿಕ್ಟೋರಿಯಾ ರಾಣಿ ತಿದ್ದಿದ ಪ್ರೂಫ್ ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂದು ಹೇಳುತ್ತಾರೆ. ‘ತಿಳೀತಿಲ್ಲೋ? ರಾಣೀನೇ ಲೀಕ್ ಓದ್ಯಾಳ. ಅದೂ ನಮ್ಮ ಟೇಲರ್ ಸಾಹೇಬಂದು. ನಾವೇನು ದೊಡ್ಡ ಮಂದಿನಾ?’ ಅದೇ ಉಸಿರಿನಲ್ಲಿ ಅಕುತಾಮಿಯ ರೇಖೆ ವಾರದ ಒತ್ತಡಕ್ಕೆ ಒರಟಾಯಿತೆಂದು ತಕರಾರು ತೆಗೆಯುತ್ತಾನೆ. ಸಂಸ್ಥಾನದ ಕಾಲದ ಸುರಪುರ ಚಿತ್ರಕಲೆಯ ಬಂಗಾರದ ಗೆರೆಗಳ ಊರಿನವನಾದ್ದರಿಂದ ರೇಖೆಯ ಬಗ್ಗೆ ಮಾತಾಡುವ ಹಕ್ಕು ತನಗೆ ಹುಟ್ಟಿನಿಂದಲೇ ಬಂದಿದೆ ಎಂಬುದು ಅವನ ನಂಬಿಕೆ. ಕುಂಚ ಹಿಡಿದದ್ದನ್ನು ಯಾರೂ ನೋಡಿಲ್ಲ.

ಶಹಾಪುರದವನದು ಬೇರೆ ದಾರಿ. ಅವನು ಓದುವುದಕ್ಕಿಂತ ನೋಡುವುದು ಹೆಚ್ಚು. ಹಿಂದಿಯಲ್ಲಿ ಡಬ್ ಆದದ್ದನ್ನು ಒಮ್ಮೆ, ತೆಲುಗಿನಲ್ಲಿ ಡಬ್ ಆದದ್ದನ್ನು ಇನ್ನೊಮ್ಮೆ ನೋಡಿ ಕನ್ನಡದಲ್ಲಿ ಸಿಟ್ಟಾಗುತ್ತಾನೆ. ಕನ್ನಡದಲ್ಲಿ ಯಾಕೆ ಇಲ್ಲ ಎಂಬ ಅವನ ಭಾಷಣ ಭೀಮರಾಯನಗುಡಿಯ ಕ್ರಾಸಿನಲ್ಲಿ ಆರಂಭವಾದರೆ ಶಹಾಪುರ ಬಂದರೂ ನಿಲ್ಲುವುದಿಲ್ಲ. ಅಲ್ಲಿ ಬೆಟ್ಟದ ಸಾಲೇ ಮಲಗಿದ ಬುದ್ಧನಂತೆ ಕಾಣುತ್ತದೆ, ನೋಡಿದ್ದೀರಿ. ಇಡೀ ತಾಲ್ಲೂಕಿನಲ್ಲಿ ಈ ವಿಷಯಕ್ಕೆ ಯಾವ ಅಭಿಪ್ರಾಯವೂ ಇಲ್ಲದವನು ಆ ಬುದ್ಧನೊಬ್ಬನೇ.

ಮೂವರೂ ಒಟ್ಟಿಗೆ ಕುಸಿದದ್ದು 2023ರ ಸೆಪ್ಟೆಂಬರ್‌ನಲ್ಲಿ. 236ನೇ ಅಧ್ಯಾಯದಲ್ಲಿ ಗೋಜೋ ಸತ್ತ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ, ಬೆಳ್ಳಿ ಕೂದಲಿನ, ಯಾರಿಂದಲೂ ಮುಟ್ಟಲಾಗದ ಗುರು. ಹಿಂದಿನ ಅಧ್ಯಾಯದಲ್ಲಿ ಗೆದ್ದನೆಂದು ಹೇಳಿಸಿಕೊಂಡವನು ಇದರಲ್ಲಿ ಸೊಂಟಕ್ಕೆ ಎರಡು ತುಂಡಾಗಿ ಬಿದ್ದಿದ್ದ. ಓಣಿಯಲ್ಲಿ ಗಣಪತಿ ಕೂಡಿಸಿದ ದಿನಗಳು ಅವು. ಡಿಜೆ ಹೊಡೆಯುತ್ತಿತ್ತು, ಹುಡುಗರು ಕುಣಿಯುತ್ತಿದ್ದರು, ಚಾಪ್ಟರ್ ಅಣ್ಣ ಪೆಂಡಾಲಿನ ಹಿಂದೆ ಜನರೇಟರ್ ಪಕ್ಕ ಕೂತಿದ್ದ. ಗಣಪತಿಗಿಂತ ಮೊದಲು ಗುರುವಿನ ವಿಸರ್ಜನೆ ಆಗಿಹೋಗಿತ್ತು. ಪ್ರಸಾದ ಕೊಡಲು ಹೋದ ಮುತ್ಯಾ ಯಾರು ತೀರಿಕೊಂಡರೆಂದು ಗಾಬರಿಯಾದ.

‘ಸತ್ತಿದ್ದಕ್ಕ ಅಲ್ಲ ಮುತ್ಯಾ, ಸತ್ತಿದ್ದು ತೋರಿಸಲೇ ಇಲ್ಲ! ಹೊಡದಿದ್ದು ಕಾಣಂಗಿಲ್ಲ, ಬಿದ್ದಿದ್ದು ಕಾಣಂಗಿಲ್ಲ. ಪುಟ ತಿರುವಿದ್ರ ವಿಮಾನ ನಿಲ್ದಾಣದಾಗ ಸತ್ತ ಗೆಳೆಯನ ಕೂಡ ಮಾತಾಡಿಕೋತ ಕುಂತಾನ. ಆಮ್ಯಾಲ ನೋಡಿದ್ರ ಹೆಣ.’

ಮುತ್ಯಾ ಮೊದಲ ಸಲ ಮೊಮ್ಮಗನ ಪಕ್ಕ ಕೂತು ಗಂಭೀರವಾದ. ಅವನು ಹರೆಯದಲ್ಲಿ ದೊಡ್ಡಾಟದಲ್ಲಿ ಪಾರ್ಟು ಮಾಡಿದವನು. ‘ಹಂಗಂದ್ರ ಅಂವ ತಪ್ಪು ಮಾಡ್ಯಾನ. ದುಶ್ಯಾಸನನ ಕೊಲ್ಲಾಕ ನಮ್ಮ ಭೀಮ ಬೆಳತನಕ ಕುಣೀತಿದ್ದ. ಮದ್ದಳಿ ಹರಿಯೋ ತನಕ. ಬಿದ್ದ ಮ್ಯಾಲೂ ದುಶ್ಯಾಸನ ಎದ್ದು ಎರಡು ಪದಾ ಹಾಡಿ ಮತ್ತ ಬೀಳ್ತಿದ್ದ. ಕುಣೀಲಾರದೆ ಸತ್ರ ಮಂದಿ ರೊಕ್ಕ ವಾಪಸ್ ಕೇಳ್ತಾರ.’

ಜಗತ್ತಿನ ತುಂಬ ಓದುಗರು ಆ ವಾರ ಎತ್ತಿದ ಆಕ್ಷೇಪ ಇದೇ. ಇಷ್ಟು ಚೆನ್ನಾಗಿ ಹೇಳಿದವರು ಕಡಿಮೆ ಎಂದು ನನ್ನ ಅನಿಸಿಕೆ.

ಚಾಪ್ಟರ್ ಅಣ್ಣನ ತಂಗಿಯನ್ನು ಇಲ್ಲಿ ಬಿಡಬಾರದು. ಅವಳೂ ಓದುತ್ತಾಳೆ, ಆದರೆ ಚಹಾದಂಗಡಿಯಲ್ಲಿ ಅವಳಿಗೆ ಕುರ್ಚಿ ಇಲ್ಲ; ಅಭಿಪ್ರಾಯ ಹೇಳುವುದು ರೊಟ್ಟಿ ತಟ್ಟುತ್ತಾ. ನೋಬಾರಾ ಎಂಬ ಹುಡುಗಿ ಸುತ್ತಿಗೆ, ಮೊಳೆ, ಹುಲ್ಲಿನ ಗೊಂಬೆ ಹಿಡಿದು ಹೋರಾಡುವವಳು. 2020ರಲ್ಲಿ 125ನೇ ಅಧ್ಯಾಯದಲ್ಲಿ ಬಿದ್ದವಳು ಬದುಕಿದ್ದಾಳೋ ಇಲ್ಲವೋ ಎಂದು ಹೇಳದೆ ಲೇಖಕ 2024ರವರೆಗೆ ಎಳೆದ. ‘ನಾಕು ವರ್ಷ ಆಕಿನ ಮಲಗಿಸಿ ಮರತುಬಿಟ್ರು. ಸುಕುನಾ ಯಾರಿಗೂ ಬಗ್ಗಲಿಲ್ಲ ಅಂದ ಮ್ಯಾಲ ಎಬ್ಬಿಸಿದ್ರು. ಎದ್ದಾಕಿ ಒಂದು ಮೊಳಿ ಹೊಡದ್ಲು, ಕೆಲಸ ಆತು. ಹೆಸರು ಮಾತ್ರ ಗಂಡಸರದು.’ ಅಣ್ಣ ಇದನ್ನು ಮರುದಿನ ಚಹಾದಂಗಡಿಯಲ್ಲಿ ತನ್ನದೇ ಮಾತೆಂಬಂತೆ ಹೇಳಿ ಭೇಷ್ ಅನ್ನಿಸಿಕೊಂಡ.

ಇವನ ನಿಜವಾದ ಹೊಟ್ಟೆಯುರಿ ಜಪಾನಿನ ಓದುಗರ ಮೇಲೆ. ಜಂಪ್ ಪತ್ರಿಕೆಯೊಳಗೆ ಒಂದು ಪ್ರಶ್ನಾವಳಿಯ ಕಾರ್ಡು ಇರುತ್ತದೆ. ಯಾವ ಕಥೆ ಹಿಡಿಸಿತೆಂದು ಓದುಗರು ಬರೆದು ಅಂಚೆಗೆ ಹಾಕುತ್ತಾರೆ, ಮತ ಬೀಳದ ಕಥೆಯನ್ನು ಸಂಪಾದಕರು ಕೆಲವೇ ತಿಂಗಳಲ್ಲಿ ಎತ್ತಿಬಿಡುತ್ತಾರೆ. ಅಂಚೆ ಕಾರ್ಡಿಗೆ ಅಷ್ಟು ಅಧಿಕಾರ! ಇವನ ಅಭಿಪ್ರಾಯ ಸ್ಟೇಷನ್ ಏರಿಯಾ ದಾಟುವುದಿಲ್ಲ. ಮನೆಯಲ್ಲಿ ಮುತ್ಯಾ ಜೋಪಾನವಾಗಿಟ್ಟ ಹಳೆಯ ಚಂದಮಾಮಗಳಿವೆ. ಅದರಲ್ಲಿ ಬೇತಾಳ ಪ್ರತಿ ತಿಂಗಳೂ ಕಥೆ ಹೇಳಿ ಅಭಿಪ್ರಾಯ ಕೇಳುತ್ತಿದ್ದ. ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುವುದೆಂಬ ಷರತ್ತು. ಚಾಪ್ಟರ್ ಅಣ್ಣ ಆ ಷರತ್ತನ್ನು ಇನ್ನೂ ಪಾಲಿಸುತ್ತಿದ್ದಾನೆ, ‘ಗೊತ್ತಿದ್ದೂ’ ಎಂಬುದನ್ನು ಮಾತ್ರ ಕೈಬಿಟ್ಟು.

ಯಾಕೆಂದರೆ ಅವನು ಎಷ್ಟು ಓದಿದ್ದಾನೆ ಎಂಬುದು ಮನೆಯವರಿಗೆ ಮಾತ್ರ ತಿಳಿದ ಗುಟ್ಟು. ಜಂಪ್ ಪ್ರಕಾಶಕರ ‘ಮಂಗಾ ಪ್ಲಸ್’ ಆ್ಯಪ್ 2019ರಲ್ಲಿ ಬಂದಾಗಿನ ಪದ್ಧತಿ ಏನೆಂದರೆ ಮೊದಲ ಮೂರು ಅಧ್ಯಾಯ ಮತ್ತು ಇತ್ತೀಚಿನ ಮೂರು ಅಧ್ಯಾಯ ಪುಕ್ಕಟೆ. ಇವನು ಜುಜುತ್ಸುಗೆ ಕಾಲಿಟ್ಟದ್ದು ತಡವಾಗಿ, ಟಿವಿ ಸರಣಿ ನೋಡಿದ ಮೇಲೆ. ಆ ಕಡೆ ಮೂರು, ಈ ಕಡೆ ವಾರವಾರ ಬಂದದ್ದು. ನಡುವಿನ ಇನ್ನೂರು ಚಿಲ್ಲರೆ ಅಧ್ಯಾಯಗಳನ್ನು ಅವನು ಸಂಪಾದಿಸಿದ್ದು ಜಗಳದಿಂದ. ಎದುರಿನವನು ಸಿಟ್ಟಿಗೇಳುವಂತೆ ಏನಾದರೂ ಅಂದರೆ ಆಯಿತು, ಅವನು ಇಡೀ ಕಥೆ ಬಿಡಿಸಿ ಹೇಳಿ ಇವನ ತಪ್ಪು ತೋರಿಸುತ್ತಾನೆ. ದುಡ್ಡು ಖರ್ಚಿಲ್ಲ, ಕಣ್ಣು ನೋವಿಲ್ಲ. ಓದುವ ಇಷ್ಟು ಸುಲಭದ ವಿಧಾನವನ್ನು ನಮ್ಮ ವಿಶ್ವವಿದ್ಯಾಲಯಗಳ ಹೊರಗೆ ನಾನು ಕಂಡದ್ದು ಇದೇ ಮೊದಲು.

2024ರಲ್ಲಿ ಕಥೆ ಮುಗಿದಾಗ ಇವನು ಪಿಎಸ್‌ಐ ಪುಸ್ತಕ ತೆರೆದಾನೆಂದು ಅಪ್ಪ ಆಸೆಪಟ್ಟಿದ್ದ. ತೆರೆದ ಕೂಡ. ಅಷ್ಟರಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಅದೇ ಲೋಕದ ಮುಂದಿನ ತಲೆಮಾರಿನ ಕಥೆ ‘ಜುಜುತ್ಸು ಕೈಸೆನ್ ಮೊಡ್ಯುಲೋ’ ಶುರುವಾಯಿತು, ಕಥೆ ಅಕುತಾಮಿಯದು, ಚಿತ್ರ ಯುಜಿ ಇವಾಸಾಕಿಯದು, ಜೊತೆಗೆ ಅನ್ಯಗ್ರಹದಿಂದ ಬಂದ ವಲಸಿಗರು. ಅಪ್ಪ ಪುಸ್ತಕದ ಧೂಳು ಒರೆಸಿ ಮತ್ತೆ ಅಟ್ಟಕ್ಕೆ ಇಟ್ಟ.

ಮೊನ್ನೆ ಪಿಯುಸಿ ಹುಡುಗನೊಬ್ಬ ಹೊಸದಾಗಿ ಬಂದು ಕೈಕಟ್ಟಿ ನಿಂತು ಕೇಳಿದ. ‘ಅಣ್ಣ, ನಾನೂ ಶುರು ಮಾಡ್ಬೇಕಂತೀನಿ. ಎಲ್ಲಿಂದ ಓದ್ಲಿ?’

ಚಾಪ್ಟರ್ ಅಣ್ಣ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಬೆಂಚಿನಲ್ಲಿ ಜಾಗ ಮಾಡಿಕೊಟ್ಟ.

‘ಓದೋದೆಲ್ಲಾ ಯಾಕ ಹಚ್ಕೋತಿ? ಕುಂದ್ರು, ನಾ ಹೇಳ್ತೀನಿ. ಮೊದ್ಲು ಎರಡು ಚಹಾ ಹೇಳು.’