ಯೋಚ್ನೆ ಮೀಮಾಂಸೆ

ಪದವಿಚಾರ: ನಿಘಂಟಿನ ‘ಯೋಚನೆ’ ಮಂಡ್ಯ ಸೀಮೆಗೆ ಬಂದು ‘ಯೋಚ್ನೆ’ಯಾಗುವಾಗ ಮೂರು ವ್ಯಾಕರಣಕಾರ್ಯಗಳು ನಡೆಯುತ್ತವೆ: ಸಾಲ ಆಗಮ, ನಿದ್ದೆ ಲೋಪ, ಮಾತಿನ ಜಾಗಕ್ಕೆ ಮೌನ ಆದೇಶ. ಸಾಲಕ್ಕೆ ಇಲ್ಲಿ ಕೈಬದಲು, ಗಿರವಿ, ಚೀಟಿ, ಬೆಳೆಸಾಲ, ಸಂಘದ ಸಾಲ, ಮೀಟರ್ ಬಡ್ಡಿ ಎಂದು ಹೆಸರುಗಳು ಹೇರಳ. ಮನಸ್ಸಿನ ಬೇನೆಗೆ ಇರುವುದು ಒಂದೇ ವಾಕ್ಯ: “ಏನಿಲ್ಲ ಕಣಣ್ಣ, ಒಸಿ ಯೋಚ್ನೆ.” ‘ಒಸಿ’ ಎಂದರೆ ಕೋಶದಲ್ಲಿ ಸ್ವಲ್ಪ, ಬಳಕೆಯಲ್ಲಿ ಹೊರಲಾರದಷ್ಟು.

ಈ ಶಾಸ್ತ್ರಕ್ಕೆ ನಾಲ್ಕು ಪಂಥಗಳು.

ಶ್ರೀರಂಗಪಟ್ಟಣ ಪಂಥ: ಮನಸ್ಥಿತಿಯನ್ನು ಅಡಿಗಳಲ್ಲಿ ಅಳೆಯುತ್ತದೆ. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿದರೆ ಪೂರ್ಣಾನಂದ. ನೂರರ ಕೆಳಗಿಳಿದರೆ ವಿಷಾದಯೋಗ. ಹೆದ್ದಾರಿಯಲ್ಲಿ ಸಾಲಾಗಿ ಕೂತು ಧಿಕ್ಕಾರ ಕೂಗುವುದೇ ಇಲ್ಲಿನ ಗುಂಪುಚಿಕಿತ್ಸೆ.

ಪಾಂಡವಪುರ ಪಂಥ: ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು, ತಪ್ಪಿದರೆ ವರ್ಷಕ್ಕೆ ಶೇ. 15 ಬಡ್ಡಿ ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಅನುಭವಿಗಳು ಆ 14 ದಿನವನ್ನು ಬ್ರಹ್ಮನ ಪಂಚಾಂಗದಲ್ಲಿ ಎಣಿಸುತ್ತಾರೆ. ಊರಿನ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತಿದ್ದಾಗ, ಹೊಗೆಯಿಲ್ಲದ ಚಿಮಣಿ ನೋಡುತ್ತ ಧ್ಯಾನವೂ ಸಿದ್ಧಿಸಿತು.

ಕೆ.ಆರ್. ಪೇಟೆ ಪಂಥ: ಸಂಘದ ಸಾಲದ ಅದ್ವೈತ. ಒಬ್ಬಾಕೆ ಕಂತು ತಪ್ಪಿಸಿದರೆ ಉಳಿದವರೆಲ್ಲ ಅವಳೇ ಆಗುತ್ತಾರೆ. ಕಿರುಕುಳದ ವಸೂಲಿಗೆ 10 ವರ್ಷದವರೆಗೆ ಜೈಲೆಂದು ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿತು. ರಾತ್ರಿ ಎರಡು ಗಂಟೆಗೆ ತಲೆಯೊಳಗೆ ಬಂದು ಕೂರುವ ವಸೂಲಿದಾರನಿಗೆ ಮಾತ್ರ ಅದರಲ್ಲಿ ಸೆಕ್ಷನ್ ಇಲ್ಲ.

ನಾಗಮಂಗಲ ಪಂಥ: ವಿಯೆನ್ನಾದ ಫ್ರಾಯ್ಡ್ ಮನಸ್ಸಿನ ಆಳ ಕೊರೆದ, ಇವರು ನೆಲವನ್ನೇ ಕೊರೆಸುತ್ತಾರೆ. ಅಲ್ಲಿ ಫೀಸು ಗಂಟೆ ಲೆಕ್ಕ, ಇಲ್ಲಿ ಅಡಿ ಲೆಕ್ಕ. ಬೋರಿನಲ್ಲಿ ಬರೀ ಧೂಳು ಎದ್ದರೆ, ನೀರಿನ ಪಾಯಿಂಟ್ ಮಾಡಿದವನು ತೆಂಗಿನಕಾಯಿ ಹಿಡಿದು ಇನ್ನೊಂದು ಮೂಲೆಗೆ ನಡೆಯುತ್ತಾನೆ. ಚಿಕಿತ್ಸೆ ಮುಂದುವರಿಯುತ್ತದೆ, ಅದಕ್ಕೂ ಸಾಲ.

ಪೂರ್ವಪಕ್ಷ: “ದುಡ್ಡು ಬಂದ್ರೆ ಯೋಚ್ನೆ ತಾನೇ ಹೋಯ್ತದೆ, ಡಾಕ್ಟ್ರು ಯಾಕ್ಲಾ?”

ಸಿದ್ಧಾಂತ: ಅರ್ಧ ನಿಜ. ದುಡ್ಡು ಬರುವ ತನಕ ಮನುಷ್ಯ ಇರಬೇಕಲ್ಲ. 2015ರಲ್ಲಿ ನಡೆದ ಈ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ಉಳಿದರ್ಧವನ್ನು ಕಲಿಸಿವೆ; ಅಲ್ಲಿ ಅಣಕಕ್ಕೆ ಜಾಗವಿಲ್ಲ.

ಕಂಠಪಾಠ ಸೂತ್ರ: ಮನಸ್ಸಿನ ಬೇನೆಗೆಂದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416. ಕರೆ ಉಚಿತ, ಮಾತು ಕನ್ನಡದಲ್ಲೇ. ಕಬ್ಬಿನ ದುಡ್ಡಿನ 14 ಹೇಗೂ ಮರೆಯುವುದಿಲ್ಲ. ಅದರ ಮುಂದೆ 416 ಸೇರಿಸಿದರಾಯಿತು.

ಮುಂದಿನ ಸಂಶೋಧಕರಿಗೆ ಬಿಟ್ಟ ಕೆಲಸ: “ಒಸಿ ಅಂದ್ರೆ ಎಷ್ಟ್ಲಾ?” ಎಂದು ಕೇಳುವುದು, ಉತ್ತರ ಮುಗಿಯುವ ತನಕ ಜಗಲಿಯಿಂದ ಏಳದಿರುವುದು.