ದ್ವಿಚಕ್ರಮಣಿದರ್ಪಣಂ: ಮಹಬೂಲಾ ಖಂಡ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ಎರಡನೆಯ ಚಾವುಂಡರಾಯ ಹನ್ನೊಂದನೆಯ ಶತಮಾನದಲ್ಲೇ ‘ಲೋಕೋಪಕಾರ’ ಬರೆದು ಅಂತರ್ಜಲದಿಂದ ಅಡುಗೆಯವರೆಗೆ ಎಲ್ಲಕ್ಕೂ ಲಕ್ಷಣ ಹೇಳಿಟ್ಟ. ರಟ್ಟಕವಿ ಮಳೆಯ ಗುರುತುಗಳನ್ನು ಪಟ್ಟಿ ಮಾಡಿದ, ಮಂಗರಾಜ ವಿಷಗಳನ್ನು ವಿಂಗಡಿಸಿದ. ಆನೆಗೂ ಕುದುರೆಗೂ ಶಾಸ್ತ್ರವಿದೆ. ಸೈಕಲ್ಲಿಗೆ ಮಾತ್ರ ಇಲ್ಲ. ಅದರಲ್ಲೂ ಬಾಡಿಗೆಯ ಸೈಕಲ್ಲನ್ನು, ಅದರಲ್ಲೂ ಕುವೈತಿನ ಅಹ್ಮದಿ ಪ್ರಾಂತ್ಯದ ಮಹಬೂಲಾ ದಂಡೆಯಲ್ಲಿ ಓಡುವ ಬಾಡಿಗೆಯ ಸೈಕಲ್ಲನ್ನು ಯಾವ ಪಂಡಿತನೂ ಮುಟ್ಟಿಲ್ಲ. ಈ ಕೊರತೆ ನೀಗಲೆಂದೇ ಪ್ರಸ್ತುತ ಪ್ರಬಂಧ.

ಗ್ರಂಥಾರಂಭದಲ್ಲಿ ನಾಲ್ಕು ಅನುಬಂಧಗಳನ್ನು ಹೇಳುವುದು ಪದ್ಧತಿ. ವಿಷಯ: ತನ್ನದಲ್ಲದ ಸೈಕಲ್ಲು. ಪ್ರಯೋಜನ: ಶುಕ್ರವಾರದ ಬೆಳಗು. ಅಧಿಕಾರಿ: ಶುಕ್ರವಾರ ಡ್ಯೂಟಿ ಇಲ್ಲದವನು. ಸಂಬಂಧ: ಸೈಕಲ್ ಇರುವವನ ಜೊತೆ ಇಟ್ಟುಕೊಳ್ಳಬೇಕಾದದ್ದು.

ಕ್ಷೇತ್ರದ ಎಲ್ಲೆಗಳು ಸರಳ. ಬಡಗಣಕ್ಕೆ ಫಿಂತಾಸ್, ತೆಂಕಣಕ್ಕೆ ಅಬು ಹಲೀಫಾ, ಪಡುವಣಕ್ಕೆ ಫಹಾಹೀಲ್ ಎಕ್ಸ್‌ಪ್ರೆಸ್ ರಸ್ತೆ, ಮೂಡಣಕ್ಕೆ ಕಡಲು. ಕಡಲು ಪಡುವಣದಲ್ಲಿರಬೇಕು ಎಂದು ಹುಟ್ಟಿನಿಂದಲೇ ನಂಬಿಕೊಂಡು ಬಂದ ಮಂಗಳೂರು, ಉಡುಪಿ, ಭಟ್ಕಳದವರಿಗೆ ಇದು ಮೊದಲ ಪೆಟ್ಟು. ಸೂರ್ಯ ಇಲ್ಲಿ ನೀರಿನಿಂದ ಏಳುತ್ತಾನೆ, ಕಟ್ಟಡಗಳ ಹಿಂದೆ ಮುಳುಗುತ್ತಾನೆ. ದಂಡೆ ಹಿಡಿದು ತೆಂಕಣಕ್ಕೆ ಪೆಡಲ್ ತುಳಿದರೆ ಅಬು ಹಲೀಫಾ, ಮಂಗಾಫ್ ದಾಟಿ ಫಹಾಹೀಲ್. ದಾರಿ ಎಲ್ಲ ಕಡೆಯೂ ಒಂದೇ ಸಮ ಇಲ್ಲ. ಕೆಲವೆಡೆ ಅಗಲದ ಕಾಲುದಾರಿ, ಕೆಲವೆಡೆ ಖಾಸಗಿ ಗೋಡೆ, ಗೋಡೆಯಾಚೆ ಕಡಲು ಇದೆ ಎಂಬ ನಂಬಿಕೆ.

ಈ ದಂಡೆಯ ದಾರಿಯನ್ನು ಹಸಿರು ದಾರಿ ಎಂದದ್ದಕ್ಕೆ ಇಲ್ಲೊಂದು ಪೂರ್ವಪಕ್ಷ. ನಮ್ಮ ಫ್ಲಾಟಿನ ಕುಂದಾಪುರದ ಹಿರಿಯರೊಬ್ಬರು, ಈ ಗ್ರಂಥದ ಪ್ರಥಮ ಟೀಕಾಕಾರರು, ಕೇಳಿದರು: “ಎಂತ ಮಾರಾಯ್ರೆ, ಹಸಿರೇ ಇಲ್ಲದ ಊರಲ್ಲಿ ಹಸಿರು ದಾರಿ ಅಂತ ಹ್ಯಾಂಗ್ ಬರೀತ್ರಿ?” ಸಿದ್ಧಾಂತಿಯ ಉತ್ತರ ಹೀಗಿದೆ. ಕುವೈತಿನ ರಸ್ತೆಬದಿಯಲ್ಲಿ ಖರ್ಜೂರದ ಜೊತೆಗೆ ಕೊನೊಕಾರ್ಪಸ್ ಎಂಬ ಮರವನ್ನು ವಿಪರೀತ ನೆಟ್ಟಿದ್ದಾರೆ. ಉಪ್ಪು, ಬಿಸಿಲು, ಧೂಳು ಯಾವುದಕ್ಕೂ ಅದು ಜಗ್ಗದು. ಊರಿನ ಕೊಳಚೆ ನೀರನ್ನೇ ಶುದ್ಧಮಾಡಿ ಇಂಥ ಗಿಡಮರಗಳಿಗೆ ಹಾಯಿಸುತ್ತಾರೆ. ಅಷ್ಟಕ್ಕೆ ತೃಪ್ತಿಪಡದೆ ಅದರ ಬೇರು ನೀರಿನ ಪೈಪುಗಳನ್ನು ಹುಡುಕಿಕೊಂಡು ಹೋಗುತ್ತದೆ, ಹೋಗುವ ದಾರಿಯಲ್ಲಿ ಕಾಲುದಾರಿಯ ಇಂಟರ್‌ಲಾಕ್ ಕಲ್ಲುಗಳನ್ನು ಎತ್ತಿಹಾಕುತ್ತದೆ. ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ಇಲ್ಲಿ ಕುಲುಕಿನಿಂದ ಕಲ್ಲನ್ನು, ಕಲ್ಲಿನಿಂದ ಬೇರನ್ನು, ಬೇರಿನಿಂದ ಮರವನ್ನು, ಮರದಿಂದ ಹಸಿರನ್ನು ಊಹಿಸಬೇಕು. ಮಹಬೂಲಾದ ಹಸಿರು ಕಣ್ಣಿಗಿಂತ ಮೊದಲು ಸೀಟಿಗೆ ತಿಳಿಯುತ್ತದೆ. ಟೀಕಾಕಾರರು ಒಪ್ಪಲಿಲ್ಲ, ಚಾ ಕುಡಿದು ಎದ್ದರು.

ಇನ್ನು ದೃಶ್ಯ. ತೆಂಕಣಕ್ಕೆ ಹೊರಟವನ ಎಡಕ್ಕೆ ನೀರು, ನೀರಿನ ಮೇಲೆ ತೈಲದ ಹಡಗುಗಳು. ಫಹಾಹೀಲಿನಾಚೆಯ ಮೀನಾ ಅಲ್ ಅಹ್ಮದಿ ಬಂದರಿಗಾಗಿ ಅವು ಕಾಯುತ್ತಿರುತ್ತವೆ. 1938ರಲ್ಲಿ ಬುರ್ಗಾನಿನಲ್ಲಿ ಸಿಕ್ಕ ಎಣ್ಣೆಯ ಮೊದಲ ರಫ್ತು ಈ ಕರಾವಳಿಯಿಂದಲೇ, 1946ರ ಜೂನ್ 30ರಂದು ಹೊರಟಿತು. ಆ ಎಣ್ಣೆಯ ದೆಸೆಯಿಂದ ಊರೆಲ್ಲ ಕಾರು ತುಂಬಿತು, ಕಾರು ತುಂಬಿದ್ದರಿಂದ ಸೈಕಲ್ಲಿನವನು ಕಾಲುದಾರಿಗೆ ಬಂದ. ಕಾರ್ಯಕಾರಣ ಸಂಬಂಧ ಇಷ್ಟೇ.

ಈಗ ಮುಖ್ಯ ವಿಷಯ, ವಾಹನಭೇದ. ಕಂಪೆನಿಯ ಹೆಸರು ಹಿಡಿದು ವಿಂಗಡಿಸುವುದು ಎಳಸು ಪಂಡಿತರ ಲಕ್ಷಣ. ಮಹಬೂಲಾದ ಸೈಕಲ್ಲಿನಲ್ಲಿ ಚೌಕಟ್ಟು ಒಂದು ಕಂಪೆನಿಯದು, ಮುಂದಿನ ಗಾಲಿ ಇನ್ನೊಂದರದು. ಹಿಂದಿನ ಗಾಲಿ ಅಲ್ ರಾಯ್‌ನ ಶುಕ್ರವಾರದ ಸಂತೆಯಲ್ಲಿ ಚೌಕಾಶಿ ಮಾಡಿ ತಂದದ್ದು. ಆದ್ದರಿಂದ ವ್ಯಾಕರಣಕಾರ ಕೇಶಿರಾಜನ ದಾರಿ ಹಿಡಿಯುವುದೇ ಲೇಸು. ಸಂಧಿಯಾಗುವಾಗ ಅಕ್ಷರಕ್ಕೆ ಏನೇನು ಆಗುತ್ತದೋ ಬಾಡಿಗೆಯಾಗುವಾಗ ಸೈಕಲ್ಲಿಗೂ ಅದೇ ಆಗುತ್ತದೆ.

ಲೋಪದ ಸೈಕಲ್ಲಿನಲ್ಲಿ ಇರಬೇಕಾದದ್ದು ಇರುವುದಿಲ್ಲ. ಮೊದಲು ಬೆಲ್ಲು, ಆಮೇಲೆ ಹಿಂದಿನ ಮಡ್‌ಗಾರ್ಡು, ಆಮೇಲೆ ಎರಡರಲ್ಲಿ ಒಂದು ಬ್ರೇಕು. ಈ ಅನುಕ್ರಮ ತಪ್ಪುವುದಿಲ್ಲ. ಕಡಲಿನ ಉಪ್ಪುಗಾಳಿ ಚೈನಿಗೆ ಹಿಡಿದು ತುಕ್ಕಾಗಿಸುವುದೂ ಲೋಪದ ಒಳಭೇದವೇ, ಆದರೆ ನಿಧಾನದ್ದು. ಆಗಮದಲ್ಲಿ ಇಲ್ಲದ್ದು ಬಂದು ಸೇರುತ್ತದೆ: ಮುಂದೆ ಬುಟ್ಟಿ, ಹಿಂದೆ ತರಕಾರಿಯ ಪ್ಲಾಸ್ಟಿಕ್ ಕ್ರೇಟು, ಹ್ಯಾಂಡಲಿಗೆ ಮೊಬೈಲು ಸಿಕ್ಕಿಸುವ ಹಿಡಿಕೆ, ಗಾಲಿಯ ಕಡ್ಡಿಗಳಿಗೆ ಬಣ್ಣದ ದೀಪ. ಆದೇಶದಲ್ಲಿ ಒಂದರ ಜಾಗಕ್ಕೆ ಇನ್ನೊಂದು: ಸ್ಟ್ಯಾಂಡಿನ ಬದಲು ಗೋಡೆ, ಸೀಟಿನ ಬದಲು ಸುತ್ತಿದ ಟವೆಲು, ಬ್ರೇಕಿನ ಬದಲು ಚಪ್ಪಲಿ. ಲೋಪ, ಆಗಮ, ಆದೇಶ ಮೂರೂ ಒಂದೇ ಸೈಕಲ್ಲಿನಲ್ಲಿ ಒಟ್ಟಿಗೆ ಕಾಣುವುದುಂಟು. ವ್ಯಾಕರಣದಲ್ಲಿ ಅದಕ್ಕೆ ಅವಕಾಶ ಕಡಿಮೆ, ಮಹಬೂಲಾದ ಬ್ಲಾಕ್ ಎರಡರಲ್ಲಿ ಧಾರಾಳ. ಯಾವ ವಿಕಾರವೂ ಇಲ್ಲದ ಸೈಕಲ್ಲು ಪ್ರಕೃತಿಭಾವ. ಅದು ಹೊಸದಾಗಿ ಬಂದವರ ಬಳಿ ಮಾತ್ರ ಇರುತ್ತದೆ, ಬಹುಕಾಲ ಇರುವುದಿಲ್ಲ.

ಸ್ಥಾವರ, ಜಂಗಮ ಎಂಬ ಇನ್ನೊಂದು ಭಾಗವೂ ಇದೆ. ಕಟ್ಟಡದ ಮೆಟ್ಟಿಲಿನ ಕಂಬಿಗೆ ಬೀಗ ಹಾಕಿಸಿಕೊಂಡು ಧೂಳು ಕುಡಿಯುತ್ತಿರುವುದು ಸ್ಥಾವರ, ಓಡುವುದು ಜಂಗಮ. ಸಂಖ್ಯೆಯಲ್ಲಿ ಸ್ಥಾವರವೇ ಹೆಚ್ಚು. ಅವುಗಳ ಕತೆ ಗ್ರಂಥದ ಕೊನೆಗೆ ಬರುತ್ತದೆ.

ಬಾಡಿಗೆಭೇದವನ್ನು ಹೇಳುವ ಮೊದಲು ಪೂರ್ವಾಚಾರ್ಯರನ್ನು ನೆನೆಯಬೇಕು. ನಮ್ಮೂರುಗಳಲ್ಲಿ ಒಂದು ಕಾಲಕ್ಕೆ ಗಂಟೆ ಲೆಕ್ಕದ ಸೈಕಲ್ ಶಾಪು ಇತ್ತು. ಉದ್ದನೆಯ ಪುಸ್ತಕದಲ್ಲಿ ಹೆಸರು, ಹೊತ್ತು; ದಂಡಿಗೆಯ ಕೆಳಗೆ ಕಾಲು ತೂರಿಸಿ ಓಡಿಸುವ ಹುಡುಗರಿಗೆ ಅಪ್ಪನ ಹೆಸರೇ ಜಾಮೀನು. ಹಂಪಿಯಲ್ಲಿ ಪ್ರವಾಸಿಗರಿಗಾಗಿ ಆ ಪರಂಪರೆ ಉಳಿದಿದೆ. 2017ರ ಜೂನಿನಲ್ಲಿ ಮೈಸೂರು ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ತಂದಿತು. ಅಲ್ಲಿ ಕಾರ್ಡು ತೋರಿಸಿದರೆ ಕಂಬ ಸೈಕಲ್ಲನ್ನು ಬಿಟ್ಟುಕೊಡುತ್ತಿತ್ತು, ಇನ್ನೊಂದು ಕಡೆಯ ಕಂಬಕ್ಕೆ ಒಪ್ಪಿಸಿದರಾಗುತ್ತಿತ್ತು. ಮನುಷ್ಯರ ಮುಖ ನೋಡುವ ಪ್ರಮೇಯವಿರಲಿಲ್ಲ.

ಮಹಬೂಲಾದ ಬಾಡಿಗೆಯಲ್ಲಿ ಮುಖವೇ ಎಲ್ಲ. ಕಡಲ ಬದಿಯಲ್ಲಿ ಅರ್ಧ ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ತಿರುಗುವುದು ಸ್ಥೂಲಬಾಡಿಗೆ. ಅದರಲ್ಲಿ ಶಾಸ್ತ್ರ ಹೇಳುವಂಥದ್ದೇನಿಲ್ಲ. ಸೂಕ್ಷ್ಮಬಾಡಿಗೆ ಕಟ್ಟಡದ ಒಳಗೆ ನಡೆಯುತ್ತದೆ. ಅದರಲ್ಲಿ ದಿನಾರು ಕೈಬದಲಾಗುವುದಿಲ್ಲ. ಶುಕ್ರವಾರ ಸೈಕಲ್ ಕೊಟ್ಟವನಿಗೆ ಶನಿವಾರ ಬಂಗುಡೆ ಪುಳಿಮುಂಚಿ ಹೋಗುತ್ತದೆ. ಒಂದು ತಿಂಗಳಿಗಾದರೆ, ಊರಿಗೆ ಹೋಗುವಾಗ ಅವನ ಸಾಮಾನನ್ನು ನಿಮ್ಮ ಲಗೇಜಿನಲ್ಲಿ ಒಯ್ಯಬೇಕು. ಮಂಗಳೂರಿನ ವಿಮಾನದಲ್ಲಿ ಎರಡು ಕಿಲೋ ಜಾಗ ಎಂದರೆ ಅದಕ್ಕೆ ಯಾವ ಬ್ಯಾಂಕಿನಲ್ಲೂ ಸಿಗದ ವಿನಿಮಯ ದರವಿದೆ.

ಆರೋಹಕಭೇದ ಹೊತ್ತಿನ ಮೇಲೆ ನಿಂತಿದೆ. ಕುವೈತಿನಲ್ಲಿ ಜನರನ್ನು ವಿಂಗಡಿಸುವವನು ಸೂರ್ಯ. ಇಲ್ಲಿಯ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿ ವಿಶ್ವ ಹವಾಮಾನ ಸಂಸ್ಥೆಯ ಒಪ್ಪಿಗೆಯನ್ನೂ ಪಡೆಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗ್ಗೆ 11ರಿಂದ ಸಂಜೆ 4ರ ತನಕ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ಹಾಗಾಗಿ ವಿಹಾರದ ವರ್ಷ ನವೆಂಬರಿನಲ್ಲಿ, ಹೆಚ್ಚುಕಡಿಮೆ ಕನ್ನಡ ಕೂಟದ ರಾಜ್ಯೋತ್ಸವದ ಜೊತೆಗೇ ಶುರುವಾಗಿ, ಮಾರ್ಚಿಗೆ ಮುಗಿಯುತ್ತದೆ.

ಮೈಗಂಟಿದ ಬಟ್ಟೆ, ಹೆಲ್ಮೆಟ್ಟು, ಕೈಗೆ ಗಡಿಯಾರ ಕಟ್ಟಿ ಎದೆಬಡಿತವನ್ನೂ ಲೆಕ್ಕ ಇಡುವವನು ಜ್ಞಾನಯೋಗಿ. ಸ್ವಂತ ಸೈಕಲ್ಲಿರುವುದರಿಂದ ನಮ್ಮ ಶಾಸ್ತ್ರದ ಹೊರಗಿನವನು. ಮಗುವಿನ ಪುಟ್ಟ ಸೈಕಲ್ಲಿನ ಸೀಟು ಹಿಡಿದು, ಸೊಂಟ ಬಗ್ಗಿಸಿ, “ಮುಂದೆ ನೋಡು ಪುಟ್ಟಾ, ನನ್ನನ್ನಲ್ಲ” ಎನ್ನುತ್ತ ಓಡುವ ಅಪ್ಪ ಭಕ್ತಿಯೋಗಿ. ಜುಲೈ ಮಧ್ಯಾಹ್ನ ಹೊರಡುವವನು ಹಠಯೋಗಿ, ಅವನ ಬಗ್ಗೆ ಬರೆಯುವುದೂ ಅಪಾಯ. ಕರ್ಮಯೋಗಿ ಎಂದರೆ ಬಕಾಲಾ ಎಂಬ ದಿನಸಿ ಅಂಗಡಿಯ ಹುಡುಗ. ಏಳನೆಯ ಮಹಡಿಯಿಂದ ಫೋನು ಬಂದರೆ ಖುಬ್ಸ್ ರೊಟ್ಟಿ, ಲಬನ್ ಮಜ್ಜಿಗೆ, ನೀರಿನ ಕ್ಯಾನು ಕ್ರೇಟಿಗೆ ಹಾಕಿಕೊಂಡು ಹೊರಟ. ಇಡೀ ಕರಾವಳಿಯಲ್ಲಿ ಅತಿ ಹೆಚ್ಚು ಪೆಡಲ್ ತುಳಿಯುವವನು ಅವನು; ಅವನಿಗೆ ಯಾವ ದೃಶ್ಯವೂ ಕಂಡಿರುವುದಿಲ್ಲ, ಗೇಟು ನಂಬರುಗಳು ಮಾತ್ರ ಗೊತ್ತು. ಶುಕ್ರವಾರ ಬೆಳಗ್ಗೆ ಅವನ ಅಂಗಡಿ ತೆರೆಯುವುದು ತಡ. ಆ ಎರಡು ಗಂಟೆ ಅದೇ ಸೈಕಲ್ಲು, ಕ್ರೇಟು ಕಳಚಿಕೊಂಡು, ಕಾಸರಗೋಡಿನ ಅಕೌಂಟೆಂಟರೊಬ್ಬರ ಕೆಳಗೆ ಕಡಲು ನೋಡಲು ಹೋಗುತ್ತದೆ. ಇದೊಂದು ದುಡಿಮೆಯ ಸೈಕಲ್, ಅದೊಂದು ವಿಹಾರದ ಸೈಕಲ್ ಎಂದು ಎರಡು ಜಾತಿ ಮಾಡುವ ವಿದ್ವಾಂಸರು ಈ ಶುಕ್ರವಾರವನ್ನು ಕಂಡಿಲ್ಲ. ಜಾತಿ ಇರುವುದು ಗಡಿಯಾರದಲ್ಲಿ.

ವಾಯುಪ್ರಕರಣ ಗಣಿತದ್ದು, ಬಾಡಿಗೆಯವರು ಕಡ್ಡಾಯವಾಗಿ ಓದಬೇಕಾದ್ದು. ಇಲ್ಲಿಯ ಪ್ರಧಾನ ಗಾಳಿ ವಾಯವ್ಯದಿಂದ ಬೀಸುವ ಶಮಾಲ್. ದಂಡೆ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿರುವುದರಿಂದ ಮಹಬೂಲಾದಿಂದ ಫಹಾಹೀಲ್ ಕಡೆ ಹೊರಟವನ ಬೆನ್ನನ್ನು ಅದು ತಳ್ಳುತ್ತದೆ. ಅವನು ತನ್ನ ಕಾಲಿನ ಬಲವೇ ಹೆಚ್ಚಾಯಿತೆಂದು ತಿಳಿಯುತ್ತಾನೆ. ಹೋಗುವಾಗ ಗಂಟೆಗೆ 20 ಕಿಲೋಮೀಟರ್, ಬರುವಾಗ 10 ಎಂದಿಟ್ಟುಕೊಳ್ಳಿ. ಅರ್ಧ ಗಂಟೆಗೆ ಸೈಕಲ್ ಪಡೆದವನು ಕಾಲು ಗಂಟೆ ಹೋಗಿ ತಿರುಗಿದರೆ ಐದು ಕಿಲೋಮೀಟರ್ ಆಗಿರುತ್ತದೆ. ಮರಳಲು ಅರ್ಧ ಗಂಟೆ ಬೇಕು. ಒಟ್ಟು 45 ನಿಮಿಷ, ಹೆಚ್ಚಿನ 15 ನಿಮಿಷಕ್ಕೆ ದಂಡ. ಆದ್ದರಿಂದ ಸೂತ್ರ: ಶಮಾಲಿನ ದಿನ ಮೂರನೆಯ ಒಂದು ಭಾಗ ಹೊತ್ತು ಕಳೆದೊಡನೆ ತಿರುಗತಕ್ಕದ್ದು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 15ರ ವೇಗದಲ್ಲಿ ಹೋಗುವವನಿಗೆ 15ರ ಗಾಳಿ ಇದಿರಾದರೆ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆಗ್ನೇಯದ ಕೌಸ್ ಗಾಳಿಯ ದಿನ ಲೆಕ್ಕ ತಿರುಗುಮುರುಗು, ಮೇಲಾಗಿ ಅಂಗಿ ಮೈಗಂಟುತ್ತದೆ. ಟಯರಿನೊಳಗಿನ ಗಾಳಿಗೂ ನಿಯಮವಿದೆ. 22 ಡಿಗ್ರಿಯ ಏಸಿ ಕೋಣೆಯಲ್ಲಿ 45 ಪೌಂಡ್ ತುಂಬಿಸಿದ ಟಯರು 50 ಡಿಗ್ರಿಯ ಹೊರಗೆ ಬಂದರೆ ಒತ್ತಡ 50 ಪೌಂಡ್ ದಾಟುತ್ತದೆ. ಹಳೆಯ ಟ್ಯೂಬು ಇದನ್ನು ಶಬ್ದಪ್ರಮಾಣದಿಂದ ಸಾಬೀತುಪಡಿಸುತ್ತದೆ.

ಉಳಿದದ್ದು ದಾಯಪ್ರಕರಣ, ಈ ಗ್ರಂಥದ ಹೃದಯ. ಮಹಬೂಲಾದಲ್ಲಿ ಸೈಕಲ್ಲು ಕೊಂಡವರಿಗಿಂತ ಪಡೆದವರೇ ಹೆಚ್ಚು. ಎಕ್ಸಿಟ್ ಹೊಡೆಸಿಕೊಂಡು ಕಾಯಂ ಆಗಿ ಊರಿಗೆ ಹೋಗುವವನು ಸೈಕಲ್ಲನ್ನು ಒಯ್ಯಲಾರ, ಮಾರಲು ಅವನಿಗೆ ಹೊತ್ತಿಲ್ಲ. ಅದು ಯಾರಿಗೆ? ಎರಡು ಪಂಥಗಳಿವೆ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನನ ‘ದಾಯಭಾಗ’ದ ಪ್ರಕಾರ ತಂದೆ ತೀರಿಕೊಂಡ ಮೇಲಷ್ಟೇ. ಫ್ಲಾಟಿನ ಮಿತಾಕ್ಷರದವರು ಹೇಳುತ್ತಾರೆ: ಕೋಣೆಗೆ ಬಂದು ಮಂಚ ಹಾಸಿದ ದಿನವೇ ಸೈಕಲ್ಲಿನಲ್ಲಿ ನಮಗೆ ಪಾಲು ಹುಟ್ಟಿತು, ಕೇಳದೆಯೇ ಒಯ್ಯಬಹುದು. ದಾಯಭಾಗದವರು ವಿಮಾನ ಏರುವವರೆಗೆ ಕಾಯುತ್ತಾರೆ, ಏರಿದ ಅರ್ಧ ಗಂಟೆಯಲ್ಲಿ ಬೀಗದ ಕೀಲಿ ಕೈಲಿರುತ್ತದೆ. ಇಬ್ಬರ ನಡುವೆ ಕಟ್ಟಡದ ಕಾವಲುಗಾರ, ಅಂದರೆ ಹಾರಿಸ್, ಇದ್ದಾನೆ. ಅವನಿಗೆ ಶಾಸ್ತ್ರ ಬೇಡ. ಮೆಟ್ಟಿಲಿನ ಕೆಳಗೆ ಬಹುದಿನ ಉಳಿದದ್ದೆಲ್ಲ ಅವನದೇ.

ತೊಡಕು ಎಕ್ಸಿಟ್ ಹೋದವನಿಂದಲ್ಲ, ರಜೆಗೆ ಹೋದವನಿಂದ. ಆರು ತಿಂಗಳು ಹೊರಗೇ ಉಳಿದರೆ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು ಎಂಬ ನಿಯಮ ಇರುವುದರಿಂದ, ಆರು ತಿಂಗಳಾದ ಮೇಲೆ ಅವನನ್ನು ಸೈಕಲ್ಲಿನ ಮಟ್ಟಿಗೆ ತೀರಿಕೊಂಡವನೆಂದು ಎಣಿಸುವುದು ವಾಡಿಕೆಯಾಗಿತ್ತು. 2020 ಆ ವಾಡಿಕೆಯನ್ನು ಮುರಿಯಿತು. ಕೊರೊನಾದಿಂದಾಗಿ ಮಾರ್ಚಿನಲ್ಲಿ ವಿಮಾನಗಳು ನಿಂತವು. ಏಪ್ರಿಲ್ 6ರಿಂದ ಜುಲೈ 9ರವರೆಗೆ ಮಹಬೂಲಾವನ್ನೂ ಜಲೀಬ್ ಅಲ್ ಶುಯೂಖನ್ನೂ ಪೂರ್ತಿ ಮುಚ್ಚಿದರು. ಒಳಗಿದ್ದವರು ಹೊರಗೆ ಹೋಗುವಂತಿರಲಿಲ್ಲ. ಊರಿಗೆ ಹೋದವರು ಒಳಗೆ ಬರುವಂತಿರಲಿಲ್ಲ. ಆಗಸ್ಟಿನಲ್ಲಿ ವಿಮಾನ ನಿಲ್ದಾಣ ತೆರೆದರೂ ಭಾರತದಿಂದ ನೇರ ಬರಲು ಬಹಳ ಕಾಲ ಅನುಮತಿ ಇರಲಿಲ್ಲ. ಆರು ತಿಂಗಳ ನಿಯಮವನ್ನು ಸರಕಾರವೇ ಸಡಿಲಿಸಿತು. ಹಾಗಾದರೆ ರಜೆಗೆ ಹೋಗಿ ಬಂಟ್ವಾಳದಲ್ಲಿ ಸಿಕ್ಕಿಬಿದ್ದ ನಮ್ಮ ಫ್ಲಾಟಿನವನು ಸೈಕಲ್ಲಿನ ಮಟ್ಟಿಗೆ ಇದ್ದಾನೋ, ಇಲ್ಲವೋ? ಸಂಬಳ ನಿಂತ ಮನೆಯಿಂದ ಅವನು ಫೋನು ಮಾಡುತ್ತಿದ್ದ, ಸೈಕಲ್ಲಿನ ವಿಚಾರ ಎತ್ತುತ್ತಿರಲಿಲ್ಲ. ಇತ್ತ ಮೆಟ್ಟಿಲಿನ ಕೆಳಗೆ ಟಯರುಗಳು ಕೂತವು. ಊರಿನ ದಿಗ್ಬಂಧನ ತೆರೆದ ಮೇಲೆ ಯಾರೋ ಹೊಸ ಟ್ಯೂಬು ಹಾಕಿ ಓಡಿಸಿದರು. ಅವರು ಇನ್ನೊಬ್ಬರಿಗೆ ಕೊಟ್ಟರು.

ಬಂಟ್ವಾಳದವನು ದುಬೈಯಲ್ಲಿ ಹದಿನಾಲ್ಕು ದಿನ ಕಾದು, ಕಡೆಗೂ ಬಂದ. ಸೈಕಲ್ಲು ತನ್ನದೆಂದ. ಟ್ಯೂಬು ಹಾಕಿದವರು ಟ್ಯೂಬು ತಮ್ಮದೆಂದರು. ಹಾರಿಸ್ ಮೆಟ್ಟಿಲಿನ ಜಾಗದ ಬಾಡಿಗೆ ಕೇಳಿದ. ಕುಂದಾಪುರದ ಹಿರಿಯರನ್ನು ಪಂಚಾಯ್ತಿಗೆ ಕೂರಿಸಿದಾಗ ಅವರು ಕೊಟ್ಟ ತೀರ್ಪು ಮುಂದಿನ ಶಾಸ್ತ್ರಕಾರರಿಗೆ ಆಧಾರವಾಗಲೆಂದು ಇಲ್ಲಿ ದಾಖಲಿಸಿದೆ: ಚೌಕಟ್ಟು ಬಂದವನಿಗೆ, ಟ್ಯೂಬು ಹಾಕಿದವರಿಗೆ, ಟ್ಯೂಬಿನೊಳಗಿನ ಗಾಳಿ ಹಾರಿಸ್‌ಗೆ.